ಹಿಂದಿನ ಕೋಣೆಗೆ ಬಿಳಿ ಮೇಜುಬಟ್ಟೆ

ಡಿಂಫ್ನಾ ಫೀನಿ ಗಿಲ್‌ಹೂಲಿ ಹೋಟೆಲಿಗೆ ಸೊಸೆಯಾಗಿ ಬಂದಾಗ ಕಿಲ್ಕಾರಾ ಪೇಟೆಯ ಹೆಂಗಸರು ಮೂಗು ಮುರಿದರು. ಗಿಲ್‌ಹೂಲಿಗಳೆಂದರೆ ಮನೆಯಲ್ಲಿ ಪಿಯಾನೋ ಇದ್ದವರು. ಇವಳಪ್ಪ ಬಾರ್ಟ್ಲಿಯದು ಜೌಗು ನೆಲದ ಅಂಚಿನಲ್ಲಿ ನಾಲ್ಕಾರು ದನ, ಒಂದಿಷ್ಟು ಆಲೂಗಡ್ಡೆ ಹೊಲ. ಡಿಂಫ್ನಾ ಯಾರ ಮೂಗಿನ ಕಡೆಗೂ ನೋಡಲಿಲ್ಲ. ಬಂದ ವಾರದಲ್ಲೇ ಅಡುಗೆಮನೆಯ ಒಲೆಯನ್ನು ಹತೋಟಿಗೆ ತಂದುಕೊಂಡಳು, ಆಮೇಲೆ ಗಂಡ ಫಿಂಟನ್‌ನನ್ನು. ಅವನು ಒಲೆಗಿಂತ ಸುಲಭವಾಗಿ ಬಗ್ಗಿದ. ಅತ್ತೆ ಹನೋರಾ ಮಾತ್ರ ಜಗ್ಗಲಿಲ್ಲ. ಹೋಟೆಲಿನ ಬೀಗದ ಕೈಗೊಂಚಲು ಅವರ ಸೊಂಟದಲ್ಲೇ ಇತ್ತು.

ಅತ್ತೆಯ ಕಟ್ಟಳೆ ಹಳೆಯದು. ಬ್ಯಾಂಕಿನ ಮ್ಯಾನೇಜರು, ಡಾಕ್ಟರು, ಪಾದ್ರಿಗಳು, ಊರೂರು ತಿರುಗಿ ಸರಕು ಮಾರುವ ಕಂಪನಿಯವರು ಮುಂದಿನ ಕೋಣೆಯಲ್ಲಿ ಊಟಕ್ಕೆ ಕೂರುತ್ತಿದ್ದರು. ಅಲ್ಲಿ ಬಿಳಿ ಮೇಜುಬಟ್ಟೆ, ಬೆಳ್ಳಿ ಚಮಚ. ದನದ ಸಂತೆಗೆ ಬರುವ ರೈತರಿಗೆ ಹಿತ್ತಲ ಬಾಗಿಲು, ಹಿಂದಿನ ಕೋಣೆ, ಬೋಳು ಹಲಗೆಯ ಮೇಜು, ತಗಡಿನ ಲೋಟ. ಹಂದಿಮಾಂಸ, ಎಲೆಕೋಸು ಮಾತ್ರ ಎರಡೂ ಕಡೆಗೆ ಒಂದೇ ಪಾತ್ರೆಯಿಂದ ಹೋಗುತ್ತಿತ್ತು.

ನವೆಂಬರಿನ ಸಂತೆ ಬಂತು. ದನಗಳು ಗಾಜು ಒಡೆಯದಂತೆ ಅಂಗಡಿಯವರು ಕಿಟಕಿಗಳಿಗೆ ಅಡ್ಡಮರ ಕಟ್ಟಿದರು. ಬೀದಿಯುದ್ದಕ್ಕೂ ವ್ಯಾಪಾರ ಕುದುರಿದವರು ಅಂಗೈಗೆ ಉಗುಳಿಕೊಂಡು ಎದುರಿನವನ ಅಂಗೈಗೆ ಛಟೀರೆಂದು ಹೊಡೆಯುತ್ತಿದ್ದರು. ಬಾರ್ಟ್ಲಿಯೂ ತನ್ನ ಕರುಗಳನ್ನು ಮಾರಿ ಊಟಕ್ಕೆಂದು ಹೋಟೆಲಿಗೆ ಬಂದ. ಮಗಳ ಮದುವೆಯಾದ ಮೇಲೆ ಇದೇ ಮೊದಲು. ಬೀಗರ ಮನೆಯ ಹಿತ್ತಲ ಬಾಗಿಲಲ್ಲಿ ಅಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತದ್ದನ್ನು ಡಿಂಫ್ನಾ ಕಂಡಳು. ಇವತ್ತು ಅಪ್ಪನಿಗೆ ಈ ಮನೆಯಲ್ಲಿ ಮರ್ಯಾದೆ ಸಿಗದಿದ್ದರೆ ತಾನು ಇಲ್ಲಿ ಸೊಸೆಯಲ್ಲ, ಸಂಬಳವಿಲ್ಲದ ಕೆಲಸದವಳು ಎಂದುಕೊಂಡಳು.

"ಅಪ್ಪಾ, ಬಾ. ಮುಂದಿನ ಕೋಣೇಲಿ ಕೂತ್ಕೋ."

"ಅಯ್ಯೋ ಬೇಡ ಕಣೇ, ಬೂಟೆಲ್ಲ ಸಗಣಿ."

"ನಮ್ಮನೆ ಸಗಣಿ ತಾನೇ? ಬಾ ಸುಮ್ನೆ."

ಕೈಹಿಡಿದು ಎಳೆದೊಯ್ದು ಬ್ಯಾಂಕ್ ಮ್ಯಾನೇಜರ ಪಕ್ಕದಲ್ಲೇ ಕೂರಿಸಿದಳು. ಆತ ಸಭ್ಯ ಮನುಷ್ಯ, ನಕ್ಕ. ನಗುತ್ತಲೇ ಕುರ್ಚಿಯನ್ನು ಒಂದಿಷ್ಟು ಆಚೆ ಸರಿಸಿಕೊಂಡ. ಸೂಪು ಬಂತು. ಬಾರ್ಟ್ಲಿ ಮೇಜಿನ ಕೆಳಗಿಟ್ಟ ಕೈಗಳನ್ನು ಮೇಲೆತ್ತಲೇ ಇಲ್ಲ. ಅವನ ಕಿವಿಗಳು ಕೆಂಪಗಾಗಿದ್ದವು. ಸೂಪು ಆರಿದ ಮೇಲೆ ಮಗಳನ್ನು ಹತ್ತಿರ ಕರೆದ.

"ನನ್ನ ಇಲ್ಲಿ ಕೂರ್ಸಿದ್ದು ನನ್ ಮರ್ಯಾದೆಗೋ, ನಿನ್ ಮರ್ಯಾದೆಗೋ? ನನ್ ಜನ ಎಲ್ಲ ಆ ಕಡೆ ಅವ್ರೆ. ಹೊಟ್ಟೆ ಹಸೀತಿದೆ, ಹೋಗ್ತೀನಿ ಕಣಮ್ಮ."

ಎದ್ದು ಹಿಂದಿನ ಕೋಣೆಗೆ ಹೋದ. ಬಾಗಿಲಲ್ಲಿ ನಿಂತಿದ್ದ ಹನೋರಾ, "ಆಯ್ತಾ ಸಮಾಧಾನ? ನಿಮ್ಮಪ್ಪನಿಗಿರೋ ಬುದ್ಧೀಲಿ ಅರ್ಧ ನಿನಗಿಲ್ಲ" ಎಂದರು.

ಡಿಂಫ್ನಾಳಿಗೆ ನಾಚಿಕೆಯಾಯಿತು. ಅಪ್ಪ ಹೇಳಿದ್ದು ಸರಿಯಾಗಿತ್ತು. ಆದರೆ ನಾಚಿಕೆಪಟ್ಟುಕೊಂಡು ಮೂಲೆ ಸೇರುವ ಹೆಣ್ಣಲ್ಲ ಅವಳು. ಮಹಡಿ ಹತ್ತಿ ತನ್ನ ಪೆಟ್ಟಿಗೆ ತೆರೆದಳು. ಹೋಟೆಲಿನ ಮೇಜುಬಟ್ಟೆಗಳ ಕಪಾಟಿಗೆ ಅತ್ತೆಯ ಬೀಗವಿತ್ತು, ಈ ಪೆಟ್ಟಿಗೆಗೆ ಇರಲಿಲ್ಲ. ಮದುವೆಗೆಂದು ಅಮ್ಮ ಕೊಟ್ಟಿದ್ದ, ಇನ್ನೂ ಮಡಿಕೆ ಬಿಚ್ಚದ ಬಿಳಿ ಲಿನನ್ ಮೇಜುಬಟ್ಟೆಯನ್ನು ತಂದು ಹಿಂದಿನ ಕೋಣೆಯ ಹಲಗೆಯ ಮೇಲೆ ಹಾಸಿದಳು. ರೈತರು ತಗಡಿನ ಲೋಟಗಳನ್ನು ಎತ್ತಿ ಹಿಡಿದುಕೊಂಡರು.

ಜೌಗಿನಾಚೆಯ ಲ್ಯೂಕ್ ಡೊಲನ್, ಬಾಯಿಬಡುಕ, ಕೇಳಿದ: "ಏನ್ ಅಮ್ಮಾವ್ರೇ, ಬಿಷಪ್ಪರು ಏನಾದ್ರೂ ಬರ್ತಾವ್ರಾ?"

"ಬಿಷಪ್ಪರಿಗಲ್ಲ ಕಣೋ, ನಿನಗೇ. ಕೂತು ಊಟ ಮಾಡು."

ಲ್ಯೂಕ್ ಬಟ್ಟೆ ನೋಡಿದ. ಆಮೇಲೆ ಬೆಳಗಿನಿಂದ ಉಗುಳಿ ಹೊಡೆದ ತನ್ನ ಅಂಗೈ ನೋಡಿಕೊಂಡ. ಎದ್ದು ಹಿತ್ತಲ ಕೈಪಂಪಿನ ಹತ್ತಿರ ಹೋದ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಬಾರ್ಟ್ಲಿ. ಸ್ವಲ್ಪ ಹೊತ್ತಿಗೆ ಗಂಡಸರೆಲ್ಲ ಅಂಗಿಯ ತೋಳು ಮಡಚಿ, ಒಂದೇ ಸೋಪನ್ನು ಕೈಯಿಂದ ಕೈಗೆ ದಾಟಿಸುತ್ತ, ಆ ಚಳಿಯಲ್ಲಿ ಸಾಲುಗಟ್ಟಿದರು.

ಹನೋರಾ ಅಡುಗೆಮನೆಯ ಕಿಟಕಿಯಿಂದ ಇದನ್ನು ನೋಡಿದರು. ಕೊನೆಯವನು ಕೈ ಒರೆಸಿಕೊಳ್ಳುವವರೆಗೂ ನೋಡಿದರು.

"ನಾನು ಈ ಮನೆಗೆ ಬಂದಾಗ್ಲಿಂದ ಇವರು ಕೈ ತೊಳೆದಿದ್ದು ಕಂಡಿರ್ಲಿಲ್ಲ."

"ತೊಳೆಯೋಕೆ ನಾವೆಲ್ಲಿ ಕಾರಣ ಕೊಟ್ಟಿದ್ವಿ, ಅತ್ತೆ?"

"ಅದ್ಸರಿ, ಒಗೆಯೋರು ಯಾರು?"

"ನಾನೇ."

ಹನೋರಾ ಗೊಂಚಲಿನಿಂದ ಕಪಾಟಿನ ಬೀಗದ ಕೈ ಬಿಡಿಸಿ ಸೊಸೆಯ ಕೈಗಿಟ್ಟರು. "ಒಂದೇ ಬಟ್ಟೆ ಸಾಲೋದಿಲ್ಲ. ಮೇಜು ಉದ್ದ ಇದೆ."

ಅಲ್ಲಿಂದಾಚೆಗೆ ಸಂತೆಯ ದಿನ ಡಿಂಫ್ನಾ ಊಟಕ್ಕೆ ಕೂರುತ್ತಿದ್ದುದು ಹಿಂದಿನ ಕೋಣೆಯಲ್ಲೇ. ಬರಬರುತ್ತ ಬ್ಯಾಂಕ್ ಮ್ಯಾನೇಜರೂ ಅಲ್ಲಿಗೇ ಬರತೊಡಗಿದ, ಒಳ್ಳೆಯ ಮಾತೆಲ್ಲ ಅಲ್ಲೇ ನಡೆಯುತ್ತದೆಂದು. ಬೀದಿ ಸಂತೆ ನಿಂತಿತು, ಹನೋರಾ ಹೋದರು, ಫಿಂಟನ್ ಹೋದ. ಡಬ್ಲಿನ್ನಿನ ಹೊಸ ರಸ್ತೆ ಪೇಟೆಯನ್ನು ಬಳಸಿಕೊಂಡು ಆಚೆಯಿಂದ ಹಾದುಹೋಯಿತು. ಹೋಟೆಲು ಮುಚ್ಚುವುದೆಂದು ಡಿಂಫ್ನಾ ತಾನೇ ತೀರ್ಮಾನಿಸಿದಳು. ಯಾರಿಂದಲೂ ಹೇಳಿಸಿಕೊಳ್ಳಲಿಲ್ಲ.

ಈಗ ಅದು ಪೇಟೆಯ ಆರೋಗ್ಯ ಕೇಂದ್ರ. ಹಿಂದಿನ ಕೋಣೆಯಲ್ಲಿ ರೋಗಿಗಳು ಕಾಯುತ್ತಾರೆ, ಚಹಾ ಬೇಕಾದವರು ಮಾಡಿಕೊಂಡು ಕುಡಿಯುತ್ತಾರೆ. ಮೊದಲ ಸಲ ರಕ್ತದೊತ್ತಡ ನೋಡಿಸಲು ಹೋದ ಡಿಂಫ್ನಾ ನಡುವೆ ಇದ್ದ ಬೋಳು ಪ್ಲಾಸ್ಟಿಕ್ ಮೇಜನ್ನು ಕಂಡು ಸಿಟ್ಟಾದಳು. ಡಾಕ್ಟರಿಗೆ ಒತ್ತಡ ಹೆಚ್ಚೇ ಸಿಕ್ಕಿತು. ಎರಡನೆಯ ಸಲ ಹೋಗುವಾಗ ಅಮ್ಮ ಕೊಟ್ಟ ಬಟ್ಟೆಯನ್ನು ಚೀಲದಲ್ಲಿಟ್ಟುಕೊಂಡು ಹೋಗಿ ಮೇಜಿನ ಮೇಲೆ ಹಾಸಿದಳು.

ಚೀಟಿ ಕೊಡುವ ಹುಡುಗಿ ಓಡಿ ಬಂದಳು. "ಅಜ್ಜೀ, ಇಲ್ಲೆಲ್ಲ ಹೀಗೆ ಹಾಸೋ ಹಾಗಿಲ್ಲ."

"ಒಗೆಯೋದು ನಾನು ಕಣಮ್ಮ, ನೀನಲ್ಲ."

ಎದುರಿನ ಕುರ್ಚಿಯಲ್ಲಿ ಒಬ್ಬ ಮುದುಕ ಚಹಾ ಲೋಟ ಹಿಡಿದು ಕೂತಿದ್ದ. ಲ್ಯೂಕ್ ಡೊಲನ್. ದನಕರು ಮಾರಿ ಎಷ್ಟೋ ಕಾಲವಾಗಿ, ಅವನ ಕೈಗಳು ಈಗ ಪಾದ್ರಿಯ ಕೈಗಳಷ್ಟು ನುಣುಪು. ಅವನು ಬಟ್ಟೆ ನೋಡಿದ, ಲೋಟ ಕೆಳಗಿಟ್ಟ, ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ಡಿಂಫ್ನಾಳಿಗೆ ನಗುವೂ ಬಂತು, ಕಣ್ಣೂ ತುಂಬಿತು.

"ಅಮ್ಮಾವ್ರೇ," ಎಂದ ಲ್ಯೂಕ್ ಕೋಲೂರಿ ಏಳುತ್ತ, "ಪಂಪು ಈಗ ಎಲ್ಲಿದೆ?"