ಮೂರರೊಳಗೆ ಬರಲಾರ ಎಂದಿದ್ದೆ

ನಾನು ನನ್ನ ಮೊಮ್ಮಗಳಿಗೆ ಒಂದು ಸುಳ್ಳು ಹೇಳಿದ್ದೇನೆ. ಆ ಸುಳ್ಳನ್ನು ಊರವರೆಲ್ಲ ನನ್ನ ಜಾಣತನವೆಂದು ಹೊಗಳಿದರು. ಹೊಗಳಿಸಿಕೊಂಡು ಸುಮ್ಮನಿದ್ದೆ. ಇನ್ನು ಸುಮ್ಮನಿರಲಾರೆ ಅನ್ನಿಸಿ ಬರೆಯುತ್ತಿದ್ದೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಮೈಸೂರಿನಿಂದ ನೈರೋಬಿಗೆ ಬಂದು, ಅಲ್ಯೂಮಿನಿಯಂ ಪಾತ್ರೆ ಮಾಡುವ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಆಗಿ ಸೇರಿ, ಅಲ್ಲೇ ತಲೆಗೂದಲು ಬೆಳ್ಳಗಾಗಿ ನಿವೃತ್ತನಾದೆ. ಹೆಂಡತಿ ಹೋದ ಮೇಲೆ ಇಲ್ಲಿಯೇ ಸ್ಪ್ರಿಂಗ್ ವ್ಯಾಲಿ ಬಡಾವಣೆಯಲ್ಲಿ ಮಗಳ ಮನೆಯಲ್ಲಿದ್ದೇನೆ. ಮಗಳು ಶಾಲೆಯಲ್ಲಿ ಟೀಚರ್, ಅಳಿಯ ಔಷಧಿ ಕಂಪನಿಯಲ್ಲಿ ಮ್ಯಾನೇಜರ್. ಅವರ ಒಬ್ಬಳೇ ಮಗಳು ಅಮೆರಿಕದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಓದುತ್ತಿದ್ದಾಳೆ.

ಇಲ್ಲಿನ ಕನ್ನಡಿಗರ ನಡುವೆ ನನಗೊಂದು ಹೆಸರಿತ್ತು. ಚುನಾವಣೆ ಯಾವುದೇ ಇರಲಿ, ಕೀನ್ಯಾದ್ದಾಗಲಿ ಕರ್ನಾಟಕದ್ದಾಗಲಿ, ಯಾರು ಗೆಲ್ಲುತ್ತಾರೆಂದು ನನ್ನನ್ನು ಕೇಳಬೇಕು. ನಾನು ಹೇಳಿದ್ದು ಹೆಚ್ಚುಕಡಿಮೆ ಆಗಿಬಿಡುತ್ತಿತ್ತು. ಡಾಕ್ಟರುಗಳು, ಲೆಕ್ಚರರುಗಳು ಇರುವ ಗುಂಪಿನಲ್ಲಿ ನನ್ನಂಥವನ ಮಾತಿಗೆ ಕಿವಿಗೊಡುತ್ತಿದ್ದದ್ದು ಆ ಒಂದು ವಿಷಯಕ್ಕೆ ಮಾತ್ರ. ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರೆ, "ಅವನ ಹಿಂದೆ ಯಾವ ಜನ ಇದ್ದಾರೆ ಅಂತ ನೋಡ್ತೀನಿ ಅಷ್ಟೇ" ಎನ್ನುತ್ತಿದ್ದೆ. ಅದು ಅರ್ಧ ನಿಜ. ಉಳಿದರ್ಧವನ್ನು ಯಾರಿಗೂ ಹೇಳಿರಲಿಲ್ಲ.

ಅದು ನನಗೆ ಹೊಳೆದದ್ದು ಕಾರ್ಖಾನೆಯಲ್ಲಿ. ಕಾರ್ಮಿಕ ಸಂಘದ ಚುನಾವಣೆಗೆ ಪಾಲಿಶ್ ವಿಭಾಗದವನೊಬ್ಬ ಹಳೆಯ ಮುಖಂಡನ ಎದುರು ನಿಂತಿದ್ದ. ಮೊದಲಿಗೆ ಎಲ್ಲರೂ ನಕ್ಕರು. ಮುಖಂಡನ ಕಡೆಯವರೇ ಅವನಿಗೆ ಚಹಾ ಕುಡಿಸಿ, ಬೆನ್ನು ತಟ್ಟಿ, "ಬ್ವಾನಾ ಚೇರ್ಮನ್", ಅಂದರೆ ಚೇರ್ಮನ್ ಸಾಹೇಬರೇ, ಎಂದು ರೇಗಿಸುತ್ತಿದ್ದರು. ಒಂದು ದಿನ ನನ್ನ ಸ್ಟೋರಿನ ಹೊರಗೋಡೆಗೆ ಅವನು ಅಂಟಿಸಿದ್ದ ಕಾಗದವನ್ನು ಯಾರೋ ಹರಿದುಹಾಕಿದರು. ಆಮೇಲೆ ಅವನನ್ನು ಕಂಡರೆ ಯಾರೂ ನಗಲಿಲ್ಲ. ಮುಖ ತಿರುಗಿಸಿ ಬೈದುಕೊಂಡು ಹೋಗುತ್ತಿದ್ದರು. ಇವನು ಗೆದ್ದ ಎಂದು ನನಗೆ ಆಗಲೇ ಅನ್ನಿಸಿತು. ಗೆದ್ದ ಕೂಡ. ಸೋಲುವವನ ಮೇಲೆ ಯಾರೂ ಸಿಟ್ಟು ಮಾಡಿಕೊಳ್ಳುವುದಿಲ್ಲ. ಎದುರಾಳಿಗಳು ನಗುವುದನ್ನು ಬಿಟ್ಟು ಬಯ್ಯಲು ಶುರು ಮಾಡಿದರೆ ಅವನಿಗೆ ಬಲ ಬಂದಿದೆ ಎಂದರ್ಥ. ಅಲ್ಲಿಂದ ಮುಂದೆ ಎಲ್ಲ ಚುನಾವಣೆಯಲ್ಲೂ ನಾನು ಕಾಯುತ್ತಿದ್ದದ್ದು ಆ ಸಿಟ್ಟಿಗೆ.

ಮೊಮ್ಮಗಳು ಕಾಲೇಜು ಸೇರಿದ ಎರಡನೆಯ ವರ್ಷ ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆಯ ಗದ್ದಲ ಶುರುವಾಯಿತು. ಅಲ್ಲಿ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಮೊದಲು ರಾಜ್ಯ ರಾಜ್ಯದಲ್ಲೂ ಜನರೇ ಮತ ಹಾಕುತ್ತಾರೆ. ಶುರುವಿಗೆ ಬರುವುದು ಒಂದೆರಡು ಸಣ್ಣ ರಾಜ್ಯಗಳು. ಅಲ್ಲಿ ಮೊದಲ ಮೂವರಲ್ಲಿ ಬಂದವನು ಮುಂದಕ್ಕೆ ಹೋಗುತ್ತಾನೆ, ಬಾರದವನು ಗಂಟುಮೂಟೆ ಕಟ್ಟುತ್ತಾನೆ. ಅವಳ ಕಾಲೇಜಿನ ಪಕ್ಕದ ರಾಜ್ಯವೇ ಅಂಥದ್ದು. ಅವಳು ರಜೆಯಲ್ಲಿ ಅಲ್ಲಿಗೆ ಹೋಗಿ ಒಬ್ಬ ಅಭ್ಯರ್ಥಿಯ ಪರ ಮನೆ ಮನೆ ಸುತ್ತತೊಡಗಿದಳು.

ಅವನು ಪಕ್ಷದವರಿಗೇ ಬೇಡವಾದ ಮನುಷ್ಯ. ಸರ್ಕಾರ ಚಿಕ್ಕದಾಗಬೇಕು, ತೆರಿಗೆ ಇಳಿಯಬೇಕು, ಸೈನ್ಯ ಮನೆಗೆ ಮರಳಬೇಕು, ಬೇರೆ ದೇಶಗಳಿಗೆ ಕೊಡುವ ನೆರವು ನಿಲ್ಲಬೇಕು, ಯಾರು ಏನು ಸೇದುತ್ತಾರೆ ಯಾರನ್ನು ಮದುವೆಯಾಗುತ್ತಾರೆ ಎಂಬುದು ಅವರವರ ಪಾಡು ಎನ್ನುವವನು. ಅವನಲ್ಲಿ ಅವಳಿಗೆ ಕಂಡದ್ದೇನೋ ನನಗೆ ಪೂರ್ತಿ ತಿಳಿಯಲಿಲ್ಲ. ಆದರೆ ಮನೆಯಲ್ಲಿ ಅವಳ ಈ ಮಾತುಗಳಿಗೆ ಕಿವಿಯಾದವನು ನಾನೊಬ್ಬನೇ. ನನ್ನ ಸಂಜೆಯ ಚಹಾದ ಹೊತ್ತಿಗೆ ಅವಳಿಗೆ ಬೆಳಗಾಗಿರುತ್ತಿತ್ತು. ಆ ಹೊತ್ತಿಗೇ ಫೋನು.

"ತಾತ, ನಿನ್ನೆ ಒಬ್ಳು ಲೇಡಿ ಡೋರೇ ತೆಗೀಲಿಲ್ಲ. ಕಿಟಕಿಯಿಂದ ನಕ್ಕು ಟಾಟಾ ಮಾಡಿದ್ಲು!"

"ನಗಲಿ ಬಿಡು. ಚಳಿಗೆ ಟೋಪಿ ಹಾಕ್ಕೊಂಡಿದೀಯಾ?"

"ತಾತಾ! ನಾನು ಪಾಲಿಟಿಕ್ಸ್ ಮಾತಾಡ್ತಿದೀನಿ."

ಜನವರಿಯಲ್ಲಿ ಸಂಕ್ರಾಂತಿಗೆ ನಾವು ಕನ್ನಡಿಗರೆಲ್ಲ ಸೇರಿದ್ದೆವು. ಎಳ್ಳುಬೆಲ್ಲ ಹಂಚಿ ಮುಗಿದ ಮೇಲೆ ಮಾತು ಅಮೆರಿಕಕ್ಕೆ ತಿರುಗಿತು. ನೈರೋಬಿಯ ಗಿಗಿರಿ ಬಡಾವಣೆಯಲ್ಲಿರುವ, ಅಮೆರಿಕದ ನೆರವಿನಿಂದ ನಡೆಯುವ ಅಂತರರಾಷ್ಟ್ರೀಯ ಸಂಸ್ಥೆಯೊಂದರಲ್ಲಿ ಕೆಲಸ ಮಾಡುವ ಮಂಡ್ಯದವರೊಬ್ಬರು ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು.

"ಯಜಮಾನ್ರೇ, ನಿಮ್ಮ ಮೊಮ್ಮಗಳು ಕೆಲ್ಸ ಮಾಡ್ತಾ ಇರೋ ಗಿರಾಕಿ ಗೆದ್ರೆ ನಮ್ಮ ಆಫೀಸಿಗೆ ಬೀಗ. ಮೊದ್ಲು ನಿಮ್ಮನೆ ಮುಂದೆ ಬಂದು ಧರಣಿ ಕೂರೋನು ನಾನೇ. ಏನು, ಗೆಲ್ತಾನಾ?"

ಎಲ್ಲರೂ ನಕ್ಕರು. ಆದರೂ ಮಂಡ್ಯದವರ ಕಣ್ಣಿನಲ್ಲಿ ನಿಜವಾದ ಅಂಜಿಕೆಯಿತ್ತು. ಸುತ್ತ ಕೂತಿದ್ದವರೆಲ್ಲ ನನ್ನ ಬಾಯಿ ನೋಡುತ್ತಿದ್ದರು. ನಾನು ಎಳ್ಳನ್ನು ನಿಧಾನವಾಗಿ ಅಗಿದು, "ಅವನಿಗೆ ತನ್ನ ಜನ ಅಂತ ಯಾರೂ ಇಲ್ಲ. ಮೂರರೊಳಗೆ ಬರಲ್ಲ. ಬರೆದಿಟ್ಕೊಳ್ಳಿ" ಎಂದೆ.

"ಯಜಮಾನ್ರು ಹೇಳಿದ್ಮೇಲೆ ಮುಗೀತು ಬಿಡಿ," ಎಂದು ಅವರು ನನ್ನ ಕೈ ಕುಲುಕಿದರು. ಆ ದಿನ ನನಗೆ ನನ್ನ ಮಾತಿನಲ್ಲಿ ನಂಬಿಕೆಯಿತ್ತು. ಅಲ್ಲಿಯವರೆಗೆ ನಾನು ಮಾಡಿದ್ದರಲ್ಲಿ ತಪ್ಪಿರಲಿಲ್ಲ.

ಸಂಕ್ರಾಂತಿ ಕಳೆದು ಕೆಲವೇ ದಿನಕ್ಕೆ ಮೊಮ್ಮಗಳ ಕಾಲೇಜು ಮತ್ತೆ ತೆರೆಯುವುದಿತ್ತು. ಮತದಾನ ಅದರ ಮುಂದಿನ ವಾರ. ಅವಳು ಮತದಾನ ಮುಗಿಸಿಕೊಂಡೇ ಹೋಗುತ್ತೇನೆ ಎಂದಳು. ಒಂದು ಸಣ್ಣ ಊರಿನ ಕೆಲಸವನ್ನು ಪೂರಾ ಅವಳ ಕೈಗೇ ಕೊಟ್ಟಿದ್ದರಂತೆ. ಆದರೆ ಮೊದಲ ವಾರ ಹಾಜರಾಗದವರಿಗೆ ಪ್ರಯೋಗಾಲಯದ ತರಗತಿಯಲ್ಲಿ ಜಾಗ ಇರುವುದಿಲ್ಲ. ಆ ತರಗತಿ ಮತ್ತೆ ಬರುವುದು ಒಂದು ವರ್ಷದ ಮೇಲೆ. ಅಳಿಯ ಕೆಂಡವಾದ. ಮೂರು ದಿನ ಅಪ್ಪ ಮಗಳ ಜಗಳ ಫೋನಿನಲ್ಲಿ ನಡೆಯಿತು. ಅವನು ಕನ್ನಡದಲ್ಲಿ ಕೂಗುತ್ತಿದ್ದ, ಅವಳು ಇಂಗ್ಲಿಷಿನಲ್ಲಿ ಕೂಗುತ್ತಿದ್ದಳು. ಕೊನೆಗೆ ಮಗಳು ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು.

"ಅಪ್ಪ, ನೀವು ಹೇಳಿ. ನಿಮ್ಮ ಮಾತಾದ್ರೆ ಕೇಳ್ತಾಳೆ. ಅವನು ಗೆಲ್ಲಲ್ಲ ಅಂತ ನೀವೇ ಹೇಳಿದ್ರಲ್ಲ, ಅದನ್ನೇ ಹೇಳಿ ಸಾಕು."

"ಅವಳೇ ಕೇಳಿದ್ರೆ ಹೇಳ್ತೀನಿ," ಎಂದೆ.

ಮರುದಿನ ಸಂಜೆ ಫೋನು ಬಂತು. ಅವಳು ಅಳುತ್ತಿದ್ದಳು. ನಾನು ಚಹಾದ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ.

"ತಾತ, ಇಡೀ ರೋಡಿನ ಬೋರ್ಡು ಕಿತ್ತು ಹಾಕಿದಾರೆ. ನಾವು ಹಿಮದಲ್ಲಿ ನೆಟ್ಟಿದ್ವಲ್ಲ ಅವನ ಹೆಸರಿನ ಬೋರ್ಡು, ಎಲ್ಲಾ. ನಿನ್ನೆ ಒಬ್ಬ ನನ್ನ ಮುಖದ ಹತ್ರ ಬಂದು ಕಿರುಚಿದ. ಹೋದ ತಿಂಗಳು ಅವನೇ ಕಾಫಿ ಕೊಟ್ಟು ಜೋಕ್ ಮಾಡಿದ್ದ. ಈಗ ಯಾರೂ ಜೋಕ್ ಮಾಡಲ್ಲ, ತಾತ. ಎಲ್ರೂ ಸೋ ಆಂಗ್ರಿ."

ನಾನು ಕಾಯುತ್ತಿದ್ದ ಸಿಟ್ಟು ಅದೇ. ನಗು ನಿಂತಿದೆ, ಬೋರ್ಡು ಕಿತ್ತಿದ್ದಾರೆ. ಅವನು ಮೇಲೆ ಬರುತ್ತಿದ್ದಾನೆ. ಮೂರರೊಳಗೆ ಬಂದೇ ಬರುತ್ತಾನೆ ಎಂದು ಆ ಕ್ಷಣ ನನಗೆ ಹೊಳೆಯಿತು. ಅಷ್ಟು ಖಚಿತವಾಗಿ ನನಗೆ ಯಾವ ಚುನಾವಣೆಯಲ್ಲೂ ಅನ್ನಿಸಿರಲಿಲ್ಲ.

"ಆದ್ರೆ ಒಂದು ವಿಷ್ಯ ತಾತ," ಎಂದಳು ಮೂಗು ಒರೆಸಿಕೊಂಡು. "ನಂಗೆ ಯಾಕೋ ಒಳಗೆ, ಇಟ್ಸ್ ಗೋಯಿಂಗ್ ವೆಲ್ ಅಂತನ್ಸುತ್ತೆ. ಹುಚ್ಚು ಅಲ್ವಾ? ನೀವೇನಂತೀರಿ? ನಿಜ ಹೇಳಿ. ನೀವು ಚಾನ್ಸ್ ಇದೆ ಅಂದ್ರೆ ನಾನು ಇಲ್ಲೇ ಇರ್ತೀನಿ, ಅಪ್ಪ ಏನ್ ಬೇಕಾದ್ರೂ ಮಾಡ್ಲಿ. ಇಲ್ಲ ಅಂದ್ರೆ ನಾಳೆ ಬಸ್ ಹತ್ತಿ ಕಾಲೇಜಿಗೆ ಹೋಗ್ತೀನಿ."

ಹೇಳಬೇಕಾದದ್ದು ನಾಲಿಗೆಯ ತುದಿಯಲ್ಲಿತ್ತು: ಮಗೂ, ನೀನು ನೋಡಿದ್ದು ಸರಿ. ಇರುವುದು ಬಿಡುವುದು ಆಮೇಲೆ ನೀನೇ ಯೋಚಿಸು. ಅಷ್ಟೇ ಸಾಕಿತ್ತು. ಬಾಗಿಲ ಬಳಿ ಮಗಳು ನಿಂತಿದ್ದಳು. ಮಗಳಿಗಾಗಿ ಸುಳ್ಳು ಹೇಳಿದೆ, ಮೊಮ್ಮಗಳ ಓದಿಗಾಗಿ ಹೇಳಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳಿನ ಮೇಲೊಂದು ಸುಳ್ಳು. ಆ ಗಳಿಗೆಯಲ್ಲಿ ನನ್ನ ಕಣ್ಣ ಮುಂದೆ ಬಂದದ್ದು ಸಂಕ್ರಾಂತಿಯ ಕುರ್ಚಿಗಳ ಸಾಲು. ಬರೆದಿಟ್ಕೊಳ್ಳಿ ಎಂದವನು ಈಗ ಮಾತು ಬದಲಿಸುವುದು ಹೇಗೆ? ಅವನು ಗೆದ್ದರೆ, ನನ್ನ ಮೊಮ್ಮಗಳೇ ನಿಂತು ಗೆಲ್ಲಿಸಿದರೆ, ಆ ಜನರ ಮುಂದೆ ನನ್ನ ಮುಖ ಏನಾಗಬೇಕು?

"ಅದು ಕೆಟ್ಟ ಲಕ್ಷಣ ಮಗೂ," ಎಂದೆ. "ಜನ ಹೀಗೆ ತಿರುಗಿಬಿದ್ರೆ ಕೆಲ್ಸ ಕೆಟ್ಟಿದೆ ಅಂತಲೇ. ನಿನಗೆ ಅನ್ನಿಸ್ತಿರೋದು ಆಸೆ, ಅಷ್ಟೇ. ಹೊರಟುಬಿಡು."

"ಸವಾ, ತಾತ," ಎಂದಳು. ನೈರೋಬಿಯಲ್ಲಿ ಬೆಳೆದ ಮಕ್ಕಳು ಆಯ್ತು ಎನ್ನುವುದಕ್ಕೆ ಹಾಗನ್ನುತ್ತಾರೆ. ಮಗಳು ಬಂದು ನನ್ನ ಭುಜ ಒತ್ತಿದಳು.

ಮತದಾನದವರೆಗೆ ನಾನು ಅನುಭವಿಸಿದ್ದನ್ನು ಹೇಗೆ ಹೇಳಲಿ. ಟಿವಿಯಲ್ಲಿ ಆ ಅಭ್ಯರ್ಥಿಯ ಮುಖ ಕಂಡರೆ ಚಾನೆಲ್ ಬದಲಿಸುತ್ತಿದ್ದೆ. ಅವನು ಗೆಲ್ಲಲಿ, ನನ್ನ ಸುಳ್ಳು ಬಯಲಾಗಲಿ ಎಂದು ಬಯಸಿದ್ದರೆ ನಾನು ಮನುಷ್ಯನಾಗುತ್ತಿದ್ದೆ. ನಾನು ಬಯಸಿದ್ದು ಅವನ ಸೋಲನ್ನು. ದೇವರ ಮುಂದೆ ದೀಪ ಹಚ್ಚುವಾಗಲೂ ಅದನ್ನೇ ಬೇಡಿಕೊಂಡೆ. ರಜೆಯುದ್ದಕ್ಕೂ ಮೊಮ್ಮಗಳು ಚಳಿಯಲ್ಲಿ ನಡೆದದ್ದೆಲ್ಲ ನೀರುಪಾಲಾಗಲಿ ಎಂದು ತಾತನಾದವನು ಕೈಮುಗಿದೆ.

ಎಣಿಕೆಯ ಸುದ್ದಿ ನಮಗೆ ಬಂದದ್ದು ಬೆಳಿಗ್ಗೆ. ಮಗಳು ಶಾಲೆಗೆ, ಅಳಿಯ ಆಫೀಸಿಗೆ ಹೊರಡುವ ಗಡಿಬಿಡಿ. ಮೊದಲ ಎರಡು ಸ್ಥಾನ ಬೇಗ ತೀರ್ಮಾನವಾಯಿತು. ಮೂರನೆಯದಕ್ಕೆ ನಮ್ಮವನೂ ಇನ್ನೊಬ್ಬನೂ ಒಂದೇ ಸಮ ಓಡುತ್ತಿದ್ದರು. ಒಮ್ಮೆ ಇವನು ಮುಂದೆ, ಒಮ್ಮೆ ಅವನು. ಅಳಿಯ ಟೈ ಕಟ್ಟುವುದನ್ನು ನಿಲ್ಲಿಸಿ ಪರದೆ ನೋಡಿದ.

"ಅಯ್ಯೋ ಮಾವ, ನಿಮ್ಮ ಲೆಕ್ಕ ಕೈಕೊಡೋ ಹಾಗಿದೆಯಲ್ಲ!"

ನಾನು ಟಿವಿಯ ಧ್ವನಿ ಏರಿಸಿದೆ. ಅವರಿಬ್ಬರೂ ಹೊರಟುಹೋದ ಮೇಲೆ ಕೊನೆಯ ಊರುಗಳ ಲೆಕ್ಕ ಬಂತು. ಅವನು ನಾಲ್ಕನೆಯವನಾದ. ಅಂತರ ಎಷ್ಟೆಂದರೆ, ಒಂದು ಮದುವೆಮನೆಯ ಊಟದ ಜನ. ಅಷ್ಟೇ. ಆ ಕೊನೆಯ ಊರುಗಳಲ್ಲಿ ಮೊಮ್ಮಗಳ ಕೈಗೆ ಕೊಟ್ಟಿದ್ದ ಊರೂ ಒಂದು. ಅಕ್ಕಪಕ್ಕದ ಊರುಗಳಲ್ಲೆಲ್ಲ ಅವನು ಎರಡನೆಯವನಾಗಿದ್ದ. ಅಲ್ಲಿ ಮಾತ್ರ ಐದನೆಯವನಾಗಿದ್ದ.

ಒಬ್ಬಳು ಹುಡುಗಿ ಇದ್ದು ಏನು ಮಾಡುತ್ತಿದ್ದಳು ಎಂದು ಕೇಳಬಹುದು. ನನಗೂ ಗೊತ್ತಿಲ್ಲ. ಗೊತ್ತಾಗದ ಹಾಗೆ ಮಾಡಿದವನು ನಾನು.

ಮಧ್ಯಾಹ್ನದಷ್ಟರಲ್ಲಿ ಗಿಗಿರಿಯವರ ಫೋನು. "ಯಜಮಾನ್ರೇ, ಕಾಲು ಎಲ್ಲಿದೆ ತೋರಿಸಿ, ನಮಸ್ಕಾರ ಮಾಡ್ಬೇಕು!" ಆ ಭಾನುವಾರ ನನಗೆ ಶಾಲು ಹೊದಿಸಿದರು, ತಮಾಷೆಗೇ. ನಾನು ಹೊದಿಸಿಕೊಂಡೆ. ಮೊಮ್ಮಗಳು ಅದೇ ಸಂಜೆ ಫೋನು ಮಾಡಿ, "ನೀವು ರೈಟ್ ಇದ್ರಿ ತಾತ. ನಂಗೆ ಜನರನ್ನ ನೋಡಿ ಅರ್ಥ ಮಾಡ್ಕೊಳ್ಳೋಕೆ ಬರಲ್ಲ. ಐ ವಿಲ್ ಸ್ಟಿಕ್ ಟು ಲ್ಯಾಬ್," ಎಂದಳು. ಶಾಲಿಗಿಂತ ಆ ಮಾತು ಭಾರವಾಗಿತ್ತು. ಅವಳು ಜನರನ್ನು ನನಗಿಂತ ಚೆನ್ನಾಗಿ ಓದಿದ್ದಳು. ನಾನು ಅವಳ ಕಣ್ಣಿನ ಮೇಲೆ ಅವಳಿಗೇ ನಂಬಿಕೆ ಹೋಗುವ ಹಾಗೆ ಮಾಡಿದ್ದೆ.

ಜುಲೈ ತಿಂಗಳಲ್ಲಿ ಅವಳು ನೈರೋಬಿಗೆ ಬಂದಳು. ತೆಳ್ಳಗಾಗಿದ್ದಳು. ಮುಂಚಿನ ಹಾಗೆ ವಾದಕ್ಕೆ ಬರುತ್ತಿರಲಿಲ್ಲ. ಅಪ್ಪ ಏನೆಂದರೂ ತಲೆಯಾಡಿಸುತ್ತಿದ್ದಳು. ಅಳಿಯ ಹಿಗ್ಗಿದ. ನನಗೆ ಅವಳನ್ನು ನೋಡಲಾಗಲಿಲ್ಲ. ಒಂದು ಮಧ್ಯಾಹ್ನ ಜಗಲಿಯಲ್ಲಿ ಇಬ್ಬರೇ ಕೂತು ಅವರೆಕಾಯಿ ಬಿಡಿಸುತ್ತಿದ್ದಾಗ ಹೇಳಿದೆ. ಸ್ಟೋರಿನ ಗೋಡೆ, ಹರಿದ ಕಾಗದ, ನಗು, ಸಿಟ್ಟು, ಎಲ್ಲ. ಅವತ್ತು ಫೋನಿನಲ್ಲಿ ನನಗೆ ಗೊತ್ತಿತ್ತು ಎಂಬುದನ್ನೂ.

ಅವಳ ಕೈ ನಿಂತಿತು. "ಹಾಗಾದ್ರೆ ನಾನು ನೋಡಿದ್ದು ಸರಿ ಇತ್ತಾ?"

"ಸರಿ ಇತ್ತು."

ಅವಳ ಮುಖ ಒಂದು ಕ್ಷಣ ಬೆಳಗಿತು. ನಾನು ಅದನ್ನು ಕಂಡೆ. ಮರುಕ್ಷಣವೇ ಅದು ಆರಿತು.

"ಎಲೆಕ್ಷನ್ ದಿನ ಕಾರಲ್ಲಿ ಕರ್ಕೊಂಡ್ ಹೋಗ್ತೀನಿ ಅಂತ ಅಲ್ಲಿ ಎಷ್ಟೊಂದು ವಯಸ್ಸಾದೋರಿಗೆ ಪ್ರಾಮಿಸ್ ಮಾಡಿದ್ದೆ ಗೊತ್ತಾ ತಾತ? ಅವರೆಲ್ಲ ಕೋಟು ಹಾಕ್ಕೊಂಡು ಕಾದಿರ್ತಾರೆ." ಕೈಯಲ್ಲಿದ್ದ ಕಾಯನ್ನು ಬುಟ್ಟಿಗೆ ಹಾಕಿ, "ಯಾಕೆ?" ಎಂದಳು.

"ಮರ್ಯಾದೆ ಹೋಗತ್ತೆ ಅಂತ."

ಅಷ್ಟರಲ್ಲಿ ಮಗಳು ಹೊರಗೆ ಬಂದಳು. ಅವಳು ಕೇಳಿಸಿಕೊಂಡಿದ್ದಳು. "ಹೋಗ್ಲಿ ಬಿಡಿ ಅಪ್ಪ. ಸುಳ್ಳೋ ನಿಜವೋ, ಒಳ್ಳೇದೇ ಆಯ್ತು. ವರ್ಷ ಉಳೀತಲ್ಲ," ಎಂದಳು. ಮೊಮ್ಮಗಳು ಎದ್ದು, ಮಡಿಲಲ್ಲಿದ್ದ ಸಿಪ್ಪೆಯನ್ನೆಲ್ಲ ತಟ್ಟೆಗೆ ಹಾಕಿ, ಒಳಗೆ ಹೋದಳು. ಕ್ಷಮಿಸಬೇಕಾದವಳು ಒಳಗೆ ಹೋಗಿದ್ದಳು, ಕ್ಷಮಿಸುವ ಅಗತ್ಯವಿಲ್ಲದವಳು ನನ್ನನ್ನು ಸಮಾಧಾನ ಮಾಡುತ್ತಿದ್ದಳು.

ಗಿಗಿರಿಯವರಿಗೂ ಹೇಳಿದೆ. ಅವರು ಬಿದ್ದು ಬಿದ್ದು ನಕ್ಕು, "ಆಹಾ, ನಮ್ಮ ಆಫೀಸು ಉಳಿಸಿದ್ದೇ ನೀವು ಅನ್ನಿ!" ಎಂದರು. ಎಷ್ಟು ಹೇಳಿದರೂ ಅದು ತಪ್ಪು ಎಂದು ಯಾರೂ ಒಪ್ಪಲಿಲ್ಲ. ಅದಕ್ಕೇ ಇಲ್ಲಿ ಬರೆದದ್ದು.

ಈಗ ಅವಳು ಫೋನು ಮಾಡುವುದು ಅಮ್ಮನಿಗೆ. ಮೊನ್ನೆ ಸಂಜೆ ಮಗಳು ಫೋನು ಹಿಡಿದೇ ನನ್ನ ಕೋಣೆಗೆ ಬಂದಳು. ಮೊಮ್ಮಗಳು ಕಾಲೇಜಿನ ಊರಿನಲ್ಲಿ ಯಾವುದೋ ನಗರಸಭೆಯ ಚುನಾವಣೆಗೆ ಮತ್ತೆ ಮನೆ ಮನೆ ಸುತ್ತುತ್ತಿದ್ದಾಳಂತೆ.

"ಏನಂತೀರಿ ಅಪ್ಪ, ಇವಳ ಕ್ಯಾಂಡಿಡೇಟು ಈ ಸಲನಾದ್ರೂ ಗೆಲ್ತಾಳಾ?"

"ನನ್ನನ್ನ ಕೇಳ್ಬೇಡ. ಅವಳಿಗೇ ಗೊತ್ತಿರುತ್ತೆ," ಎಂದೆ.

ಫೋನಿನ ಸ್ಪೀಕರು ತೆರೆದಿತ್ತು. ನನ್ನ ಮಾತು ಅವಳಿಗೆ ಕೇಳಿಸಿರಬೇಕು. ಏನಾದರೂ ಅಂದಾಳೆಂದು ಕಾದೆ. ಅವಳು ಅಮ್ಮನಿಗೆ ಹಾಸ್ಟೆಲ್ಲಿನ ಊಟದ ವಿಷಯ ಹೇಳತೊಡಗಿದಳು.