ಬಣ್ಣಗಾರ ಜಹಾಂಗೀರನ ಕೆಂಪು

ಇಳಕಲ್ಲಿನಲ್ಲಿ ಜಹಾಂಗೀರನ ಮನೆ ಹುಡುಕಲು ಯಾರನ್ನೂ ಕೇಳಬೇಕಾಗಿರಲಿಲ್ಲ. ಕೆಂಪು ನೀರು ಹರಿಯುವ ಗಟಾರ ಹಿಡಿದು ನಡೆದರೆ ಸಾಕು, ಅವನ ಹಂಡೆಯ ಮುಂದೆ ಹೋಗಿ ನಿಲ್ಲುತ್ತಿದ್ದಿರಿ. ಸೀರೆಯ ಸೆರಗಿಗೆ ಬೇಕಾದ ಕೆಂಪು ರೇಷ್ಮೆಗೆ ಬಣ್ಣ ಹಾಕುವುದರಲ್ಲಿ ಅವನ ಕೈಯನ್ನು ಮೀರಿಸುವವರಿರಲಿಲ್ಲ. ಆ ಕೈಗಳೋ, ಮೊಣಕೈವರೆಗೆ ಕೆಂಪು. ಉಗುರು ಕೆಂಪು, ಹಿಮ್ಮಡಿ ಕೆಂಪು, ಬೆವತರೆ ಬನಿಯನ್ನೂ ಕೆಂಪು. ಕೈಗವಸು ಹಾಕಿಕೊಳ್ಳೆಂದು ಯಾರಾದರೂ ಹೇಳಿದರೆ ನಗುತ್ತಿದ್ದ.

"ಕೈಗೆ ಚೀಲ ಹಾಕ್ಕೊಂಡ್ರ ನೂಲು ಏನ್ ಹೇಳ್ತದಂತ ಹ್ಯಾಂಗ ತಿಳೀಬೇಕೋ?"

ಹಂಡೆಯ ನೀರು ಹದಕ್ಕೆ ಬಂದಿದೆಯೋ ಇಲ್ಲವೋ ನೋಡಲು ಅದರಲ್ಲಿ ಬೆರಳದ್ದಿ ನಾಲಿಗೆಗೆ ಹಚ್ಚಿಕೊಳ್ಳುತ್ತಿದ್ದ. ಅವನಪ್ಪ ಮಾಡುತ್ತಿದ್ದುದೂ ಹಾಗೆಯೇ. ಅಪ್ಪ ಅರವತ್ತು ದಾಟಲಿಲ್ಲ ಎಂಬುದನ್ನು ಮಾತ್ರ ಮನೆಯಲ್ಲಿ ಯಾರೂ ಇದರೊಂದಿಗೆ ಸೇರಿಸಿ ನೋಡಿರಲಿಲ್ಲ.

ಹೀಗಿರುವ ಮನುಷ್ಯನಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ ಒಂದು ಮುಂಜಾನೆ ಮೂತ್ರ ಕೆಂಪಗೆ ಹೋಯಿತು. ಬೇರೆ ಯಾರಾದರೂ ಆಗಿದ್ದರೆ ಎದೆ ಒಡೆದುಕೊಂಡು ದವಾಖಾನೆಗೆ ಓಡುತ್ತಿದ್ದರು. ಇವನು ಹಾಯಾಗಿ ಬಂದು ಚಹಕ್ಕೆ ಕೂತ.

"ಮೈಯಾಗ ಕುಂತ ಬಣ್ಣ ಹೊರಗ ಹೊಂಟದ," ಎಂದ ಹೆಂಡತಿ ಖೈರುನಬಿಗೆ. "ಚಲೋನೇ ಆತು."

ನೋವಿರಲಿಲ್ಲ, ಜ್ವರವಿರಲಿಲ್ಲ. ನಾಲ್ಕು ದಿನಕ್ಕೆ ತಾನೇ ನಿಂತಿತು. ನಿಂತದ್ದರಿಂದ ಅವನ ಮಾತು ಅವನಿಗೇ ಖರೆ ಎನಿಸಿತು. ತಿಂಗಳು ಬಿಟ್ಟು ಮತ್ತೆ ಬಂತು, ಮತ್ತೆ ಹೋಯಿತು. ಐದನೆಯ ತಿಂಗಳು ಮಾತ್ರ ಗಡ್ಡೆಗಟ್ಟಿದ ರಕ್ತ ಸಿಕ್ಕಿಕೊಂಡು ಒಂದು ಹನಿಯೂ ಬಾರದಾಯಿತು. ನೆರೆಯವರ ಕಾರಿನಲ್ಲಿ ಬಾಗಲಕೋಟೆಗೆ ಹೊರಟರು. ಹುನಗುಂದ ದಾಟುವಷ್ಟರಲ್ಲಿ, ರಸ್ತೆಯ ಉಬ್ಬು ಬಂದಾಗಲೆಲ್ಲ ಜಹಾಂಗೀರ ಹೊಟ್ಟೆ ಹಿಡಿದುಕೊಂಡು ಕಿರುಚುತ್ತಿದ್ದ.

ಅಲ್ಲಿನ ದವಾಖಾನೆಯಲ್ಲಿ ಡಾಕ್ಟರ್ ಶಿವಪ್ರಕಾಶ ನಳಿಕೆ ಹಾಕಿ ಮೂತ್ರ ತೆಗೆದರು. ಮರುದಿನ ಒಳಗೆ ಕ್ಯಾಮೆರಾ ಬಿಟ್ಟು ನೋಡಿ, ಮೂತ್ರಕೋಶದಲ್ಲಿ ಸಿಕ್ಕ ಗಂಟನ್ನು ಕೆರೆದು ಪರೀಕ್ಷೆಗೆ ಕಳಿಸಿದರು. ಆಮೇಲೆ ರೋಗಿಯ ಕೈ ಹಿಡಿದು ತಿರುವಿ ನೋಡಿದರು.

"ಏನ್ ಕೆಲಸ ಚಾಚಾ, ನಿಮ್ಮದು?"

ಹೇಳಿದ.

"ಹಳೇ ಬಣ್ಣದ ಪುಡಿ ಏನರ ಬಳಸಿದ್ರೇನು? ಬೆಂಜಿಡಿನ್ ಅನ್ನೋ ವಿಷದಿಂದ ಮಾಡಿದ್ದು? ಮೂತ್ರಕೋಶಕ್ಕ ಕ್ಯಾನ್ಸರ್ ತರ್ತದಂತ ಸರಕಾರ ಅದನ್ನ ಯಾವಾಗೋ ಬಂದ್ ಮಾಡೇದ."

ಜಹಾಂಗೀರ ಹೌದೆಂದ. ಅಪ್ಪ ಬಿಟ್ಟುಹೋದ ಐದು ಡಬ್ಬಿಗಳು. ಅಂಥ ಕೆಂಪು ಈಗಿನ ಪುಡಿಯಲ್ಲಿ ಬರುವುದಿಲ್ಲವೆಂದು ತಳ ಕೆರೆಯುವವರೆಗೆ ಬಳಸಿದ್ದ. ಅದು ಮುಗಿದೇ ಹದಿನೈದು ವರ್ಷವಾಗಿತ್ತು.

"ಮುಗದದ್ದು ಈಗ್ಯಾಕ ಕಾಡ್ತದ್ರಿ? ಮತ್ತ ಕೈಗೆ ಹತ್ತಿದ್ದು ಉಚ್ಚಿಚೀಲಕ್ಕ ಹ್ಯಾಂಗ ಹೋತು?"

"ಚರ್ಮದಿಂದ, ಉಸಿರಿನಿಂದ, ನಾಲಿಗಿಯಿಂದ ರಕ್ತಕ್ಕ ಸೇರ್ತದ. ಮೈ ಅದನ್ನ ಸೋಸಿ ಮೂತ್ರಕ್ಕ ಹಾಕ್ತದ. ಮೂತ್ರ ಆ ಚೀಲದಾಗ ತಾಸುಗಟ್ಟಲೆ ನಿಲ್ತದಲ್ಲ?"

ಹಂಡೆಯಲ್ಲಿ ನಿಂತಷ್ಟು ಹೊತ್ತು ನೂಲು ಬಣ್ಣ ಕುಡಿಯುತ್ತದೆ. ಅದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಎಷ್ಟು ಬೆಳೀಬೇಕು, ಎಲ್ಲಿ ನಿಲ್ಲಬೇಕು ಅಂತ ಪ್ರತಿ ಜೀವಕೋಶದಾಗೂ ಬರದಿರ್ತದ. ಆ ವಿಷ ಆ ಬರಹ ಕೆಡಸ್ತದ. ಒಂದು ಕೆಟ್ರ ಮೈ ತಾಳಿಕೊಳ್ತದ. ವರ್ಷಾನಗಟ್ಟಲೆ ಒಂದರ ಮ್ಯಾಲ ಒಂದು ಕೆಟ್ಟು, ಕಡೀಕ ನಿಲ್ಲೂದನ್ನ ಮರತ ಕೋಶ ಹುಟ್ಟತದ. ಅದು ಎರಡಾಗ್ತದ, ನಾಕಾಗ್ತದ, ಗಂಟಾಗ್ತದ. ಅದಕ್ಕ ಇಷ್ಟು ವರ್ಷ ಹಿಡೀತು."

"ಮುಂದರಿ?"

"ಒಳಗಿನ ಪದರಿನಾಗಷ್ಟೇ ಇದ್ರ ಬದುಕಿದ್ರಿ. ಗೋಡಿಯ ಮಾಂಸಕ್ಕ ಇಳದಿದ್ರ ಮೂತ್ರಕೋಶಾನೇ ತೆಗೀಬೇಕು. ಎಂಟು ದಿನಕ್ಕ ರಿಪೋರ್ಟ್ ಬರ್ತದ."

ಆ ಎಂಟು ದಿನ ಜಹಾಂಗೀರ ಹಂಡೆಯ ಹತ್ತಿರ ಸುಳಿಯಲಿಲ್ಲ. ಅಂಗಳದಲ್ಲಿ ಒಣಗಿದ್ದ ನೂಲಿನ ಲಡಿಯಿಂದ ಒಂದು ಎಳೆ ಎಳೆದು ಹರಿಯುತ್ತಿದ್ದ. ಬಣ್ಣ ಮೇಲಷ್ಟೇ ಕೂತಿದೆಯೋ, ಎಳೆಯ ನಡುವಿನವರೆಗೆ ಇಳಿದಿದೆಯೋ ಎಂದು ಬೆಳಕಿಗೆ ಹಿಡಿಯುತ್ತಿದ್ದ. ಇಷ್ಟು ವರ್ಷ ನಡುವಿನವರೆಗೆ ಇಳಿಸುತ್ತೇನೆಂದು ಮೆರೆದವನಿಗೆ ಈಗ ಪ್ರತಿ ಎಳೆಯನ್ನು ಕಂಡರೂ ಭಯ. ಖೈರುನಬಿ ತಟ್ಟೆಯ ಮುಂದೆ ಕೂತು ತುತ್ತು ಎತ್ತದೆ ಏಳುತ್ತಿದ್ದಳು. ತನ್ನ ಚಿಂತೆಯೇ ಅವಳಿಗೂ ಹತ್ತಿದೆ ಎಂದುಕೊಂಡ. ಗಂಡಸಿಗೆ ಎಲ್ಲವೂ ತನ್ನದೇ ಆಗಿ ಕಾಣುತ್ತದೆ.

ಒಂಬತ್ತನೆಯ ದಿನ ಇಬ್ಬರೂ ಡಾಕ್ಟರ ಮುಂದೆ ಕೂತರು. ಡಾಕ್ಟರು ಕಾಗದ ಓದಿ ಮುಗಿಸಿದರು.

"ಮಾಂಸಕ್ಕ ಇಳದಿಲ್ಲ ಚಾಚಾ. ಮ್ಯಾಲಿನ ಪದರಷ್ಟೇ. ಮೂರು ತಿಂಗಳಿಗೊಮ್ಮೆ ತಪ್ಪದೆ ಬಂದು ತೋರಸ್ರಿ. ಮತ್ತ ಹುಟ್ಟಬಹುದು, ಆದ್ರ ಕಣ್ಣಿಟ್ರ ಹಿಡೀಬಹುದು."

ಜಹಾಂಗೀರ ಎರಡೂ ಕೈ ಮುಖಕ್ಕೆ ಒತ್ತಿಕೊಂಡು ಅತ್ತ. ಅತ್ತು ನಕ್ಕ. ನಗುತ್ತ ಹೆಂಡತಿಯ ಕಡೆ ತಿರುಗಿದ. ಅವಳು ನಗಲಿಲ್ಲ.

"ಅಲ್ಲಾಹು ದೊಡ್ಡಾಂವ," ಎಂದಳು. ಆಮೇಲೆ ಸೆರಗು ಸರಿಮಾಡಿಕೊಂಡು ಡಾಕ್ಟರಿಗೆ ಹೇಳಿದಳು: "ಆ ಡಬ್ಬಿಯೊಳಗಿನ ಪುಡಿ ಹೆಂಟಿಗಟ್ಟಿರತಿತ್ರಿ. ಒಳಕಲ್ಲಿನಾಗ ಕುಟ್ಟಿ ಜರಡಿ ಹಿಡಿಯಾಕಿ ನಾನ. ಮನಿತುಂಬ ಧೂಳ ಏಳ್ತಿತ್ತು."

ಡಾಕ್ಟರು ಪೆನ್ನು ಕೆಳಗಿಟ್ಟರು. "ನಿಮಗೇನರ ತ್ರಾಸ ಅದನೇನು ಚಾಚಿ?"

"ಹೋದ ವರ್ಷ ಮೊಹರಮ್ ಮುಗಿದ ಮ್ಯಾಲ ಕೆಂಪ ಹೋತ್ರಿ. ಮುಟ್ಟು ನಿಂತು ಆರು ವರ್ಷ ಆಗಿತ್ತು."

"ಯಾರಿಗೂ ಹೇಳಲಿಲ್ಲೇನು?"

ಅವಳು ಗಂಡನ ಕಡೆ ನೋಡಲಿಲ್ಲ. "ಇವರಿಗೆ ಹೇಳಿದ್ನಿ. ಬಣ್ಣ ಅಂದ್ರು."

ಜಹಾಂಗೀರ ನೆನಪು ಮಾಡಿಕೊಳ್ಳಲು ಹೆಣಗಿದ. ಅವಳು ಎಲ್ಲಿ ನಿಂತು ಹೇಳಿದಳು, ತಾನು ಆಗ ಏನು ಮಾಡುತ್ತಿದ್ದೆ, ಒಂದೂ ನೆನಪಾಗಲಿಲ್ಲ. ತನಗೆ ಕೆಂಪು ಬಂದಾಗ ಅಷ್ಟು ಧೈರ್ಯದಿಂದ ಆಡಿದ ಆ ಮಾತನ್ನು ಮೊದಲು ಅವಳಿಗೆ ಆಡಿ ರೂಢಿಯಾಗಿತ್ತು.

"ಎಂಟು ದಿನದಿಂದ ಯಾಕ ಬಾಯಿ ಬಿಡಲಿಲ್ಲ?" ಎಂದ ಅವನು.

"ಮೊದಲ ನಿಮ್ಮದು ತಿಳೀಲಿ ಅಂತ."

ಡಾಕ್ಟರು ಹೊಸ ಚೀಟಿ ಎಳೆದುಕೊಂಡರು. "ಎಷ್ಟು ಸಲ ಬಂದಿರಬೇಕು ಚಾಚಿ, ಅಂದಾಜು?"

"ಗೊತ್ತಿಲ್ರಿ," ಎಂದಳು ಖೈರುನಬಿ. "ಇವರು ಬಣ್ಣ ಅಂದ ಮ್ಯಾಲ ನಾ ನೋಡೂದನ್ನ ಬಿಟ್ಟೆ."