ಸತ್ತವನ ಮೇಲೆ ಒನಕೆ ಎತ್ತಿದ ದಿನ

ಸಿಂಚನಾ, ಮನು,

ಕಳೆದ ಭಾನುವಾರ ನೀವಿಬ್ಬರೂ ನನ್ನ ಅಡುಗೆಮನೆಗೆ ನುಗ್ಗಿ ಸಾಮಾನುಗಳಿಗೆಲ್ಲ ಮಾರ್ಕ್ಸ್ ಕೊಟ್ಟಿರಿ. ಸತ್ತವರು ಎದ್ದು ಊರೊಳಗೆ ಬಂದರೆ ಯಾವುದರಲ್ಲಿ ಹೊಡೆಯಬೇಕು ಅನ್ನುವ ಆಟವಂತೆ. ಅವರಿಗೆ ಝಾಂಬಿ ಅಂತ ಹೆಸರಂತೆ. ಬಾಣಲೆಗೆ ಹತ್ತಕ್ಕೆ ಎಂಟು. ಕುಕ್ಕರ್ ಮುಚ್ಚಳಕ್ಕೆ ಏಳು. ಮಿಕ್ಸಿಗೆ ಸೊನ್ನೆ (ಕರೆಂಟ್ ಇರಲ್ಲವಲ್ಲ). ನನ್ನ ಪೊರಕೆಗೆ ಒಂದೇ ಒಂದು.

"ಅಜ್ಜಿ, ನೀನು ಯಾವುದು ತಗೊಳ್ತೀಯ?" ಅಂದಿರಿ. ನಕ್ಕು ಸುಮ್ಮನಾದೆ. ಎದುರಿಗೆ ಕೂತು ಮಾತಾಡು ಅಂದರೆ ನನಗೆ ಬಾಯೇ ಬರುವುದಿಲ್ಲ, ನಿಮಗೆ ಗೊತ್ತು. ಅದಕ್ಕೇ ತಾನೇ ವಾರಕ್ಕೊಮ್ಮೆ ಹೀಗೆ ಬರೆದು ಕೊಡುವುದು?

ವಿಷಯ ಏನೆಂದರೆ, ಈ ಆಟವನ್ನು ನಾನು ನಿಜವಾಗಿಯೂ ಆಡಿದ್ದೇನೆ.

ಎಪ್ಪತ್ತರ ದಶಕದ ಕೊನೆ ಇರಬೇಕು. ಕಳ್ಳಂಬೆಳ್ಳದ ಹತ್ತಿರದ ನಮ್ಮೂರಿಗೆ ನಾನು ಸೊಸೆಯಾಗಿ ಬಂದು ಕೆಲವು ವರ್ಷವಾಗಿತ್ತು. ನಿಮ್ಮ ತಾತನ ಅಣ್ಣ ಈರಣ್ಣ, ಅಂದರೆ ನನ್ನ ಬಾವ, ಕುರಿ ಉಣ್ಣೆ ಕತ್ತರಿಸುವುದರಲ್ಲಿ ಪಳಗಿದವರು. ಕತ್ತರಿ ಹಿಡಿದು ಪಾವಗಡದ ಕಡೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಆ ಸಲ ಅವರು ಬರಲಿಲ್ಲ, ಸುದ್ದಿ ಬಂತು. ವೈ.ಎನ್.ಹೊಸಕೋಟೆಯ ಆಚೆ ಪಾಳುಬಾವಿಯಲ್ಲಿ ಹೆಣ ಸಿಕ್ಕಿದೆ ಅಂತ.

ನಿಮ್ಮ ತಾತ ಓಡಿದರು. ಮುಖ ಗುರುತು ಸಿಗುವಂತಿರಲಿಲ್ಲವಂತೆ. ಆದರೆ ಮೈಗೆ ಸುತ್ತಿಕೊಂಡಿದ್ದದ್ದು ಬಾವನ ಕಂಬಳಿ. ಅಂಚು ಹರಿದಿದ್ದ ಕಡೆ ತಿಮ್ಮಕ್ಕ (ಬಾವನ ಹೆಂಡತಿ, ನನ್ನ ಓರಗಿತ್ತಿ) ಕೆಂಪು ದಾರದಲ್ಲಿ ಹಾಕಿದ್ದ ಹೊಲಿಗೆ ಹಾಗೇ ಇತ್ತು. ಇನ್ನೇನು ಬೇಕು? ನಮ್ಮ ಕಡೆ ದೂರದಿಂದ ಬರುವವನನ್ನು ಮುಖಕ್ಕಿಂತ ಮೊದಲು ಕಂಬಳಿಯಿಂದಲೇ ಗುರುತಿಸುತ್ತಿದ್ದೆವು. ಅಲ್ಲೇ ಮಣ್ಣು ಮಾಡಿ ಬಂದರು. ತಿಥಿಯೂ ಆಯಿತು. ತಿಮ್ಮಕ್ಕನ ಬಳೆ ಒಡೆದು ತಾಳಿ ತೆಗೆಸಿದರು.

ಒಂದೆರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ. ಗಂಡಸರೆಲ್ಲ ಹೊಲದಲ್ಲಿದ್ದರು. ಪಕ್ಕದ ಮನೆಯ ಸಾಕಮ್ಮ ಒಗೆಯುವ ಬಟ್ಟೆಯನ್ನು ಕೆರೆಯ ಹತ್ತಿರವೇ ಬಿಟ್ಟು ಓಡಿ ಬಂದಳು.

"ತಿಮ್ಮಕ್ಕಾ, ಬಾಗ್ಲು ಹಾಕ್ಕಳ್ರೇ! ನಿನ್ ಗಂಡ ಕೆರೆ ಏರಿ ಮ್ಯಾಲೆ ಬತ್ತಾವ್ನೆ!"

"ಮಣ್ ಮಾಡಿರೋನು ಹೆಂಗೇ ಬತ್ತಾನೆ?" ಅಂದರು ಅತ್ತೆ.

"ಅದ್ಕೇ ಕಣಮ್ಮ ಬಾಗ್ಲು ಹಾಕು ಅಂದಿದ್ದು!"

ಹಾಕುವಷ್ಟು ಟೈಮ್ ಎಲ್ಲಿತ್ತು? ಕೈಗೆ ಸಿಕ್ಕಿದ್ದನ್ನು ಹಿಡಿದೆವು. ಅತ್ತೆ ಒನಕೆ. ಸಾಕಮ್ಮ ಖಾರದಪುಡಿ ಡಬ್ಬ. ತಿಮ್ಮಕ್ಕ ಈಳಿಗೆಮಣೆ. ನಾನು ಮೊರ.

ಮಕ್ಕಳೇ, ಈಗ ನನ್ನ ಮಾರ್ಕ್ಸ್ ಕೇಳಿ. ಒನಕೆ ನೋಡಲು ಭಯಂಕರ, ಆದರೆ ನಮ್ಮಂಥ ತಗ್ಗು ಬಾಗಿಲಿನ ಮನೆಗೆ ಅಲ್ಲ. ಅತ್ತೆ ಎತ್ತಿದ ಕೂಡಲೇ ಅದು ತೊಲೆಗೆ ಸಿಕ್ಕಿಕೊಂಡಿತು. ಖಾರದಪುಡಿಗೆ ಗಾಳಿ ನಮ್ಮ ಪಕ್ಷದಲ್ಲಿರಬೇಕು. ಇರಲಿಲ್ಲ. ಸಾಕಮ್ಮ ಎರಚಿದ ಮೊದಲ ಹಿಡಿಗೇ ತಾನೇ ಕಣ್ಣುಜ್ಜುತ್ತಾ ಕೂತಳು. ಈಳಿಗೆಮಣೆಯನ್ನು ಮಂಡಿಯಡಿ ಒತ್ತಿ ಕೂತರೆ ಮಾತ್ರ ಅದಕ್ಕೆ ಬೆಲೆ.

"ಅದ್ನ ಎತ್ಕಂಡು ಏನ್ ಮಾಡೀಯೇ? ಸೋರೆಕಾಯ್ ಹೆಚ್ಚೀಯಾ?" ಅಂತ ಆ ಗಾಬರಿಯಲ್ಲೂ ಅತ್ತೆ ಬೈದರು.

ಬಾಗಿಲಲ್ಲಿ ಬಂದು ನಿಂತದ್ದಕ್ಕೆ ತಲೆಯಲ್ಲಿ ಕೂದಲಿರಲಿಲ್ಲವಂತೆ. ಗಡ್ಡ ಮುಖವನ್ನೆಲ್ಲ ಮುಚ್ಚಿತ್ತಂತೆ. ಮೂಳೆಯ ಮೇಲೆ ಚರ್ಮ ಅಷ್ಟೇ.

"ತಿಮ್ಮೀ, ನಾನ್ ಕಣೇ."

"ದನೀನೂ ಕಲ್ತ್ಕಂಡ್ ಬಂದೈತೆ!" ಅಂದರು ಅತ್ತೆ. ಹೆತ್ತ ತಾಯಿ!

ತಿಮ್ಮಕ್ಕ ಅಳುತ್ತಿದ್ದಳು. ಆದರೆ ಮಣೆ ಕೆಳಗಿಳಿಸಲಿಲ್ಲ. "ನಿನ್ ತಿಥಿ ಮಾಡಾಯ್ತು. ಯಾಕ್ ಬಂದೆ? ಹೋಗ್ಬುಡು, ನಿನ್ ಕೈ ಮುಗೀತೀನಿ."

ಬಂದವರು ನಿಜವಾಗಿಯೂ ಹೊರಡಲು ತಿರುಗಿದರು. ಆ ಮೈಯಲ್ಲಿ ಅವರು ಇನ್ನೆಷ್ಟು ದೂರ ಹೋಗುತ್ತಿದ್ದರು?

ನಾನು ಮುಖಕ್ಕೆ ಮೊರ ಅಡ್ಡ ಹಿಡಿದಿದ್ದೆ. ಅದರ ಕೆಳಗೆ ನನಗೆ ಕಂಡದ್ದು ಕಾಲು ಮಾತ್ರ. ಬಾವನ ಮುಂದೆ ತಮ್ಮನ ಹೆಂಡತಿ ತಲೆ ಎತ್ತಬಾರದು, ಮಾತಾಡಬಾರದು ಅನ್ನುವ ಕಾಲ ಅದು. ಅವರ ಮುಖ ಹೇಗಿದೆ ಅಂತ ಯಾರಾದರೂ ಕೇಳಿದ್ದರೆ ನನಗೆ ಹೇಳಲು ಆಗುತ್ತಿರಲಿಲ್ಲ. ಆದರೆ ಆ ಕಾಲು? ದಿನವೂ ಹಿಟ್ಟು (ರಾಗಿಮುದ್ದೆ) ಬಡಿಸುವಾಗ ನೋಡಿದ ಕಾಲು. ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು.

"ಅಕ್ಕಾ, ಬಾವನೇ ಕಣಕ್ಕ! ಕಾಲು ಅವ್ರದ್ದೇ!"

ಅಷ್ಟು ಜೋರಾಗಿ ನಾನು ಅದಕ್ಕೆ ಮೊದಲೂ ಕೂಗಿಲ್ಲ, ಆಮೇಲೂ ಕೂಗಿಲ್ಲ.

ಬಾವ ತಿರುಗಿ ನಿಂತರು. "ಈವಮ್ಮಂಗೆ ಮಾತೂ ಬತ್ತದಾ?"

ಮಣೆ ಕೆಳಗಿಳಿಯಿತು. ಅತ್ತೆ ಒನಕೆ ಬಿಟ್ಟು ಮಗನ ಎದೆಗೆ ಕೈಯಲ್ಲೇ ಗುದ್ದಿದರು. "ಎಲ್ ಹೋಗಿದ್ಯಲಾ!" ತಿಮ್ಮಕ್ಕ ಕೇಳಿದ್ದು ಒಂದೇ ಮಾತು: "ಉಂಡ್ಯಾ?"

(ಊರ ಹಿರಿಯರು ಬಂದು ಹೊಸಿಲಲ್ಲೇ ನಿಲ್ಲಿಸಿ ತಲೆಗೆ ನೀರು ಸುರಿಸಿದರು. ಎರಡು ದಿನ ಬಿಟ್ಟು ಅದೇ ಹೆಂಡತಿಗೆ ಮತ್ತೆ ತಾಳಿ ಕಟ್ಟಿಸಿದರು. ಸಾಕಮ್ಮ ಆ ಮದುವೆಯ ಊಟವನ್ನೂ ಉಂಡಳು.)

ಆಗಿದ್ದು ಇಷ್ಟೇ. ಆಂಧ್ರದ ಗಡಿಯಾಚೆಯ ಹಳ್ಳಿಯೊಂದರಲ್ಲಿ ಬಾವನಿಗೆ ಕೆಟ್ಟ ಜ್ವರ ಹಿಡಿದು, ಯಾರದೋ ಜಗಲಿಯಲ್ಲಿ ಬಿದ್ದಿದ್ದರು. ಆ ಮನೆಯವರು ಗಂಜಿ ಕುಡಿಸಿ ಉಳಿಸಿದ್ದರು.

"ಕಂಬ್ಳಿ ಏನ್ ಮಾಡ್ದೆ?" ಅಂತ ತಿಮ್ಮಕ್ಕ ಕೇಳಿದಳು.

"ಜ್ವರ ಬರಾಕ್ ಮುಂಚೆ ಕಣೇ, ದಾರೀಲಿ ಒಬ್ಬ ಚಳೀಗೆ ನಡುಗ್ತಾ ಕುಂತಿದ್ದ. ತೆಲುಗಿನೋನು. ಹೊದ್ಸಿ ಬಂದೆ."

"ಹೆಸ್ರೇನು?"

"ಕೇಳ್ನಿಲ್ಲ."

ಹಿಟ್ಟು ಮುರಿಯುತ್ತಿದ್ದ ತಿಮ್ಮಕ್ಕನ ಕೈ ನಿಂತಿತು. "ಅಂಗಾರೆ ನಾನು ಇಷ್ಟ್ ದಿನ ಅತ್ತಿದ್ದು ಅವನ್ಗೆ" ಅಂದಳು.

ನಿಮ್ಮ ತಾತ ಆ ಕಡೆ ಎರಡು ಸಲ ಹೋಗಿ ವಿಚಾರಿಸಿದರು. ಯಾರಿಗೂ ಗೊತ್ತಿರಲಿಲ್ಲ. ಅವತ್ತಿನಿಂದ ತಿಮ್ಮಕ್ಕ ಹಿರಿಯರಿಗೆ ಎಡೆ ಇಡುವಾಗ ಪ್ರತಿ ವರ್ಷ ಒಂದು ಎಲೆ ಹೆಚ್ಚಿಗೆ ಹಾಕುತ್ತಿದ್ದಳು. ಬಾವನೂ ಹೋದರು, ಅಕ್ಕನೂ ಹೋದಳು. ಈಗ ಆ ಎಲೆ ನಾನು ಹಾಕುತ್ತೇನೆ.

ನೀವು ಬಾಣಲೆ ಎತ್ತುವುದಾದರೆ ಎತ್ತಿ. ಬಂದವನು ಯಾರು ಅಂತ ಒಂದು ಸಲ ನೋಡಿ, ಆಮೇಲೆ ಎತ್ತಿ.

ಈ ಹಾಳೆಗಳನ್ನು ಮಾತ್ರ ಜೋಪಾನ ಮಾಡಿ. ಹೆಸರಿಲ್ಲದ ಆ ಮನುಷ್ಯನ ಬಗ್ಗೆ ಬೇರೆ ಎಲ್ಲೂ ಒಂದಕ್ಷರ ಬರೆದಿಲ್ಲ. ನಮ್ಮವರೇನೋ ಮನೆಗೆ ಬಂದರು, ಅವನ ಮನೆಯಲ್ಲಿ ದಾರಿ ನೋಡುತ್ತಾ ಕೂತವರಿಗೆ ಹೇಳುವವರು ಯಾರು?